ಎರಿ ಮಣ್ಣಿನ ಹಿತ್ತಲದಾಗ ಡೆಕ್ ಹಾಕೂಕಿಂತ ಮೊದಲ ನೆಲ ಹೆಂಗ ತಯಾರ ಮಾಡೂದು

ಹಿತ್ತಲದಾಗ ಒಂದು ಕಟ್ಟಗಿ ಡೆಕ್ (ನೆಲಕ್ಕಿಂತ ಸ್ವಲ್ಪ ಎತ್ತರದ ಹಲಗಿ ಕಟ್ಟಿ) ಹಾಕ್ಸಿ, ಸಂಜಿಮುಂದ ಅಲ್ಲಿ ಚಾ ಕುಡಕೋತ ಕುಂದ್ರಬೇಕು ಅಂತ ಈಗ ಬಾಗಲಕೋಟಿ, ವಿಜಯಪುರ, ಬೆಳಗಾವಿ ಕಡೆ ಹೊಸ ಮನಿ ಕಟ್ಟಿದ ಬಾಳ ಮಂದಿಗೆ ಆಸೆ ಐತಿ. ಎಲ್ಲಾರೂ ಕೇಳೂದು ಸಾಗವಾನಿ ಹಾಕ್ಬೇಕೋ ಡಬ್ಲ್ಯೂಪಿಸಿ (ಕಟ್ಟಗಿ ಪುಡಿ, ಪ್ಲಾಸ್ಟಿಕ್ ಕೂಡಿಸಿ ಮಾಡಿದ ಹಲಗಿ) ಹಾಕ್ಬೇಕೋ, ಪಾಲಿಶ್ ಯಾವ್ದು ಛಲೋ, ಲೈಟ್ ಎಲ್ಲಿ ಕೂಡಸೂದು ಇಂಥಾವ. ಕೆಳಗಿನ ನೆಲದ ಬಗ್ಗೆ ಕೇಳೋರು ಕಮ್ಮಿ. ಆದ್ರ ನಮ್ಮ ಕಡೆ ಡೆಕ್ ಕೆಡೂದು ಹೆಚ್ಚಾಗಿ ಕೆಳಗಿಂದ. ಕಟ್ಟಗಿ ಎಷ್ಟ ಛಲೋ ತಂದ್ರೂ ನೆಲ ಎದ್ದು ಕುಂತು ಮಾಡಿದ್ರ ಎರಡ ಮಳಿಗಾಲದಾಗ ಒಂದ ಮೂಲಿ ಮ್ಯಾಲ, ಒಂದ ಮೂಲಿ ಕೆಳಗ ಆಗಿ ಸ್ಕ್ರೂ ಕಿತ್ಕೊಂಡ ಬರ್ತಾವ. ಅದಕ್ಕ ಈ ಬರಹದಾಗ ಕಟ್ಟಗಿ ಮಾತ ಎತ್ತಂಗಿಲ್ಲ, ಬರೇ ನೆಲದ್ದ.

ಲೆಕ್ಕಕ್ಕ ಒಂದು 10 ಅಡಿ ಅಗಲ 12 ಅಡಿ ಉದ್ದದ ಡೆಕ್ ಹಿಡಕೊಂಡೀನಿ. ನಿಮ್ಮದು ಸಣ್ಣದು ದೊಡ್ಡದು ಇದ್ರ ಅದರ ಪ್ರಮಾಣಕ್ಕ ಹೆಚ್ಚು ಕಮ್ಮಿ ಮಾಡ್ಕೋರಿ.

ಎರಿ ಮಣ್ಣಿನ ಗುಣ ಮೊದಲ ತಿಳ್ಕೋರಿ

ನಮ್ಮ ಕಡೆ ಹಿಂಗಾರಿ ಬಿಳಿಜೋಳ ಮಳಿ ನಿಂತ ಮ್ಯಾಲೂ ಬೆಳೀತೈತಿ, ಯಾಕಂದ್ರ ಎರಿ ಮಣ್ಣು ಮಳಿಗಾಲದ ಹಸಿ ತನ್ನೊಳಗ ಹಿಡದ ಇಟ್ಕೋತೈತಿ. ಹೊಲದಾಗ ನಮಗ ರೊಟ್ಟಿ ಕೊಡೂ ಇದ ಗುಣ ಮನಿ ಕಟ್ಟೂಮುಂದ ತ್ರಾಸ ಕೊಡ್ತೈತಿ. ಈ ಮಣ್ಣಿನಾಗ ಮಾಂಟ್‌ಮೊರಿಲೋನೈಟ್ ಅನ್ನೂ ಜಾತಿಯ ಜೇಡಿ ಇರ್ತೈತಿ, ನೀರ ಅದರ ಪದರಿನ ನಡಕ ಹೊಕ್ಕು ಮಣ್ಣು ಉಬ್ಬತೈತಿ, ಒಣಗಿದ್ರ ಕುಗ್ಗಿ ಬಿರಿತೈತಿ. ಏಪ್ರಿಲ್ ಮೇದಾಗ ಖಾಲಿ ಪ್ಲಾಟಿಗೆ ಹೋಗಿ ಒಂದು ಬಿರುಕಿನ್ಯಾಗ ಕಟ್ಟಗಿ ಇಳಿಬಿಟ್ಟ ನೋಡ್ರಿ, ಕೈ ಬೆರಳು ಹೊಗುವಷ್ಟ ಅಗಲ ಇರ್ತೈತಿ, ಕಟ್ಟಗಿ ಮೂರ ಅಡಿ ಸರಳ ಇಳೀತೈತಿ. ಅದ ಜಾಗಾ ಸಪ್ಟೆಂಬರದಾಗ ಹೋಗಿ ನೋಡಿದ್ರ ಬಿರುಕು ಇತ್ತು ಅನ್ನೂ ಗುರ್ತ ಸೈತ ಉಳಿದಿರಂಗಿಲ್ಲ, ಮಣ್ಣು ಎದ್ದು ಮುಚ್ಕೊಂಡಿರ್ತೈತಿ.

ಈ ಏಳೂದು ಕುಂದ್ರೂದು ಎಲ್ಲಾ ಕಡೆ ಒಂದ ಸಮ ಆದ್ರ ಅಷ್ಟ ಚಿಂತಿ ಇರ್ಲಿಲ್ಲ. ಡೆಕ್ಕಿನ ಒಂದ ಬಾಜು ಹಸಿ, ಇನ್ನೊಂದ ಬಾಜು ಒಣ ಇದ್ದಾಗ ತೊಂದ್ರಿ. ಹಂಗಾಗಿ ಮುಂದ ಹೇಳೂ ಎಲ್ಲಾ ಕೆಲಸದ ಉದ್ದೇಶ ಒಂದ: ಡೆಕ್ಕಿನ ಕೆಳಗಿನ ನೆಲದ ಹಸಿ ವರ್ಷಪೂರ್ತಿ ಆದಷ್ಟ ಒಂದ ಸಮ ಇರಬೇಕು, ಭಾರ ಹೋಗಿ ಕುಂದ್ರೂದು ಉಬ್ಬಲಾರದ ಮಣ್ಣಿನ ಮ್ಯಾಲ ಆಗಬೇಕು.

ಮೂರೂ ಜಿಲ್ಲಾದಾಗ ಎಲ್ಲಾ ಕಡೆ ಎರಿ ಇಲ್ಲ ಮತ್ತ. ಬಾದಾಮಿ, ಗುಳೇದಗುಡ್ಡದ ಕಡೆ ಮರಳುಗಲ್ಲಿನ ಮ್ಯಾಲಿನ ಕೆಂಪ ಉಸುಕ ಮಣ್ಣು ಐತಿ, ಇಳಕಲ್ಲಿನ ಕಡೆ ಗ್ರಾನೈಟ್ ಬಂಡಿ, ಬೆಳಗಾವಿ ಪಶ್ಚಿಮಕ್ಕ ಖಾನಾಪುರದ ಕಡೆ ಜಂಬಿಟ್ಟಿಗಿ ಕೆಂಪ ಮಣ್ಣು. ಅಲ್ಲಿ ನಿಮ್ಮ ಕೆಲಸ ಅರ್ಧಕ್ಕರ್ಧ ಹಗರ. ಮುಧೋಳ, ಬೀಳಗಿ, ಜಮಖಂಡಿ, ಅಥಣಿ, ಬೈಲಹೊಂಗಲ, ವಿಜಯಪುರದ ಡೋಣಿ ನದಿ ಆಜುಬಾಜು ಇದ್ದೋರು ಮಾತ್ರ ಪೂರ್ತಿ ಓದ್ರಿ.

ತೆಗ್ಗ ತೋಡಿ ಮಣ್ಣು ನೋಡೂದು

ಬಾಜು ಮನಿಯವರು ಹೇಳಿದ್ದು ಕೇಳಿ ಕೆಲಸ ಶುರು ಮಾಡಬ್ಯಾಡ್ರಿ, ಒಂದ ಓಣ್ಯಾಗ ಈ ಕಡೆ ಎರಡ ಅಡಿಗೆ ಮುರುಮ (ಹಳ್ಳು ಕೂಡಿದ ಗಟ್ಟಿ ಮಣ್ಣು) ಹತ್ತಿದ್ರ ಆ ಕಡೆ ಎಂಟ ಅಡಿಗೂ ಹತ್ತಿರಂಗಿಲ್ಲ. ಡೆಕ್ ಬರೂ ಜಾಗಾದಾಗ ಎದುರಾ ಬದರ ಎರಡ ಮೂಲಿಗೆ ಒಂದೊಂದು ತೆಗ್ಗು, ನಾಕ ಅಡಿ ಆಳ ತೋಡ್ಸ್ರಿ. ಹಾರಿ, ಸಲಿಕಿ ಸಾಕು, ಇದಕ್ಕ ಜೆಸಿಬಿ ಬ್ಯಾಡ. ತೋಡೂಮುಂದ ಪ್ರತಿ ಅಡಿಗೆ ಮಣ್ಣು ಬ್ಯಾರೆ ಬ್ಯಾರೆ ಗುಂಪಿ ಹಾಕಿ ಇಡ್ರಿ, ಕರೆ ಎರಿ ಎಲ್ಲಿಗೆ ಮುಗೀತು, ಬಿಳಿ ಸುಣ್ಣದ ಹಳ್ಳು ಎಲ್ಲಿ ಶುರು ಆತು, ಮುರುಮ ಎಲ್ಲಿ ಹತ್ತಿತು ಅನ್ನೂದು ಕಣ್ಣಿಗೆ ಕಾಣ್ತೈತಿ. ಹೊಸ ಲೇಔಟ್ ಇದ್ರ ಇನ್ನೊಂದು ನೋಡ್ಕೋರಿ, ತಗ್ಗು ಪ್ಲಾಟಿಗೆ ಕಟ್ಟಡದ ಪುಡಿ, ಪ್ಲಾಸ್ಟಿಕ್, ಒಡದ ಇಟ್ಟಂಗಿ ತುಂಬಿ ಮ್ಯಾಲ ಒಂದ ಅಡಿ ಛಲೋ ಮಣ್ಣು ಹಾಕಿ ಸಪಾಟ ಮಾಡಿರ್ತಾರ. ಅಂಥಾ ಭರ್ತಿ ಮ್ಯಾಲ ಯಾವ ಫೂಟಿಂಗೂ (ಕಂಬದ ಬುಡದ ಕಾಂಕ್ರೀಟ್ ಬುನಾದಿ) ನಿಂದ್ರಂಗಿಲ್ಲ, ಅದು ಪೂರ್ತಿ ಹೊರಗ ಬರಬೇಕು.

ಮಣ್ಣು ಎಷ್ಟ ಉಬ್ಬತೈತಿ ಅಂತ ಮನ್ಯಾಗ ನೋಡಬಹುದು. ಲ್ಯಾಬಿನ್ಯಾಗ ಇದಕ್ಕ ಫ್ರೀ ಸ್ವೆಲ್ ಟೆಸ್ಟ್ ಅಂತಾರ, ನಾವು ಅದನ್ನ ಸಾದಾ ಮಾಡಿ ಮಾಡೂದು. ಎರಡ ಅಡಿ ಆಳದ ಮಣ್ಣು ಬಿಸಲಿಗೆ ಗರಿಗರಿ ಒಣಗಿಸಿ, ಕುಟ್ಟಿ ಪುಡಿ ಮಾಡಿ, ಸಣ್ಣ ಜರಡಿಲೆ ಸೋಸ್ರಿ. ಒಂದ ಅಳತಿಯ ಎರಡ ಉದ್ದನ ಗಾಜಿನ ಗ್ಲಾಸ್ ತೊಗೊಂಡು ಎರಡಕ್ಕೂ ಅಷ್ಟಷ್ಟ ಪುಡಿ ಹಾಕಿ, ಒಂದಕ್ಕ ನೀರು, ಇನ್ನೊಂದಕ್ಕ ಸೀಮಿಎಣ್ಣಿ ತುಂಬಿ, ಗಾಳಿ ಗುಳ್ಳಿ ಹೋಗುವಂಗ ಕಡ್ಡಿಲೆ ಕಲಸಿ 24 ತಾಸು ಅಲ್ಲಾಡಿಸಲಾರದ ಇಡ್ರಿ. ಸೀಮಿಎಣ್ಣ್ಯಾಗ ಮಣ್ಣು ಉಬ್ಬಂಗಿಲ್ಲ, ಅದ ನಿಮ್ಮ ಅಳತಿ. ಮರುದಿನ ಸ್ಕೇಲ್ ಹಚ್ಚಿ ಎರಡರದೂ ಎತ್ತರ ನೋಡ್ರಿ. ಸೀಮಿಎಣ್ಣ್ಯಾಗ 2 ಸೆಂಟಿಮೀಟರ್ ಇದ್ದು ನೀರಿನ್ಯಾಗ 3 ಸೆಂಟಿಮೀಟರ್ ಆಗಿದ್ರ ಉಬ್ಬು 50 ಪರ್ಸೆಂಟ್. ಅಷ್ಟ ಬಂದ್ರ ಅಥವಾ ಅದಕ್ಕೂ ಹೆಚ್ಚ ಬಂದ್ರ ಆ ಮಣ್ಣಿನ ಮ್ಯಾಲ ನೇರ ಏನೂ ಕೂಡಸಬ್ಯಾಡ್ರಿ. ಮುಂದ ಮುರುಮ ತರಿಸಿದಾಗ ಅದಕ್ಕೂ ಇದ ಟೆಸ್ಟ್ ಮಾಡ್ರಿ, ಮುರುಮ ಅಂತ ಹೇಳಿ ಅರ್ಧ ಎರಿ ಕೂಡಿದ್ದು ತಂದ ಸುರುವೂದು ಬಾಳ ಸಲ ಆಗ್ತೈತಿ.

ಜಾಗಾ ಆರಿಸೂದು

ನಮ್ಮ ಮನಿಗೋಳ ಹಿತ್ತಲದಾಗ ಬಚ್ಚಲ ನೀರು ಬಾಳಿಗಿಡಕ್ಕ ಬಿಡೂದು ರೂಢಿ. ನೀರು ಹಾಳಾಗಂಗಿಲ್ಲ, ಗಿಡಾನೂ ಬರ್ತೈತಿ, ಛಲೋನ. ಆದ್ರ ಡೆಕ್ಕಿನ ಒಂದ ಮೂಲಿ ಆ ಬಾಳಿ ಮಡಿ ಬಾಜೂಕ ಬಂತಂದ್ರ ಆ ಮೂಲಿ ವರ್ಷಪೂರ್ತಿ ಹಸಿ, ಬಿಸಲಿಗೆ ಬೀಳೂ ಎದುರಿನ ಮೂಲಿ ಒಣ. ಡೆಕ್ ವಾಲಾಕ ಇದಕ್ಕಿಂತ ಹೆಚ್ಚಿನ ಕಾರಣ ಬೇಕಾಗಿಲ್ಲ. ಒಂದೋ ಬಾಳಿ ಮಡಿ ದೂರ ಒಯ್ಯಿರಿ, ಇಲ್ಲಾ ಡೆಕ್ ದೂರ ಸರಸ್ರಿ, ನಡಕ ಕನಿಷ್ಠ 10 ಅಡಿ ಬಿಡ್ರಿ. ಬೇವಿನ ಗಿಡದ್ದು ಉಲ್ಟಾ, ಅದು ಬ್ಯಾಸಗ್ಯಾಗ ನೆಲದಾಗಿನ ನೀರು ಜಗ್ಗಿ ಆ ಬಾಜು ಹೆಚ್ಚ ಒಣಗಸ್ತೈತಿ. ಗಿಡದ ನೆಳ್ಳಾಗ ಡೆಕ್ ಬೇಕು ಅನ್ನೂದು ಎಲ್ಲಾರ ಆಸೆನ, ಆದ್ರ ಎರಿ ಮಣ್ಣಿನ್ಯಾಗ ದೊಡ್ಡ ಗಿಡದ ಬುಡಕ ಡೆಕ್ ಬ್ಯಾಡ ಅಂತ ನನ್ನ ಖಡಕ್ ಅಭಿಪ್ರಾಯ. ನೆಳ್ಳಿಗೆ ಮ್ಯಾಲ ಬಳ್ಳಿ ಹಬ್ಬಸ್ರಿ, ಇಲ್ಲಾ ಶೀಟ್ ಹಾಕ್ಸ್ರಿ.

ಸೆಪ್ಟಿಕ್ ಟ್ಯಾಂಕ್, ಇಂಗು ಗುಂಡಿ, ಬೋರ್‌ವೆಲ್ ಕೇಸಿಂಗ್ ಇವುಗಳ ಮ್ಯಾಲ ಡೆಕ್ ಹಾಕಬ್ಯಾಡ್ರಿ, ನಾಳೆ ಮೋಟಾರ್ ಎತ್ತೂದಿದ್ರ ಡೆಕ್ ಒಡೀಬೇಕಾಗ್ತೈತಿ. ತೋಡೂಕಿಂತ ಮೊದಲ ಯುಜಿಡಿ (ಒಳಚರಂಡಿ) ಪೈಪ್, ನೀರಿನ ಪೈಪ್, ಹೆಸ್ಕಾಂ ಕೇಬಲ್ ನೆಲದಾಗ ಎಲ್ಲಿ ಹಾದಾವ ಅಂತ ಗುರ್ತ ಮಾಡ್ಕೋರಿ. ಮನಿ ಕಟ್ಟಿದ ಗೌಂಡಿಗೆ, ಪ್ಲಂಬರಿಗೆ ಕೇಳಿದ್ರ ಹೇಳ್ತಾರ. ಖಾತ್ರಿ ಇಲ್ಲದ ಕಡೆ ಕೈಲೆ ಸಾವಕಾಶ ತೋಡ್ಸ್ರಿ.

ಕಂಪೌಂಡ್ ಗೋಡಿ ಬಗ್ಗೆ ಎಚ್ಚರಿಕಿ. ಅದರ ಬುನಾದಿ ಎರಡ ಅಡಿ ಇದ್ರ ಹೆಚ್ಚು. ಅದರ ಬಾಜೂಕ ಮೂರ ಅಡಿ ತೋಡಿದ್ರ ಗೋಡಿ ತೆಗ್ಗಿನ್ಯಾಗ ಬೀಳ್ತೈತಿ, ಒಳಗ ಆಳು ಇದ್ರ ಜೀವಕ್ಕ ಅಪಾಯ. ಮನಿ ಗೋಡಿಯಿಂದ, ಕಂಪೌಂಡಿನಿಂದ ನಿಮ್ಮ ತೋಡಿನ ಅಂಚು ನಾಕ ಅಡಿ ದೂರ ಇರ್ಲಿ. ಡೆಕ್ಕನ್ನ ಮನಿ ಗೋಡಿಗೆ ಬೋಲ್ಟ್ ಹಾಕಿ ಬಿಗೀಲೂಬ್ಯಾಡ್ರಿ, ಮನಿ ಬುನಾದಿ ಆಳಕ್ಕ ಕುಂತಿರ್ತೈತಿ, ಡೆಕ್ ಮ್ಯಾಲ ಕುಂತಿರ್ತೈತಿ, ಎರಡರ ಅಲುಗಾಟ ಬ್ಯಾರೆ ಬ್ಯಾರೆ. ತನ್ನ ಕಾಲ ಮ್ಯಾಲ ತಾನ ನಿಂದ್ರೂ ಡೆಕ್ಕ ನಮ್ಮ ಮಣ್ಣಿಗೆ ಸರಿ.

ಯಾವಾಗ ಶುರು ಮಾಡೂದು

ಜನವರಿಯಿಂದ ಮಾರ್ಚ್ ಮೊದಲನೇ ವಾರದ ತನಕ. ಮಳಿಗಾಲದಾಗ ಎರಿ ಸಲಿಕಿಗೆ ಅಂಟಿ ಕೆಲಸ ಮುಂದ ಹೋಗಂಗಿಲ್ಲ, ಮೇದಾಗ ನೆಲ ಪೂರ್ತಿ ಕುಗ್ಗಿ ಬಿರಿದಿರ್ತೈತಿ, ಆ ಸ್ಥಿತ್ಯಾಗ ಮ್ಯಾಲ ಕಟ್ಟಿದ್ರ ಮೊದಲನೇ ಮಳಿಗೇ ಎಲ್ಲಾ ಏಳ್ತೈತಿ. ಬಾಗಲಕೋಟಿ ವಿಜಯಪುರದಾಗ ಹೆಚ್ಚಿನ ಮಳಿ ಸಪ್ಟೆಂಬರದಾಗ, ಬೆಳಗಾವ್ಯಾಗ ಜುಲೈದಾಗ. ಅಷ್ಟೊತ್ತಿಗೆ ನೀರಿನ ದಾರಿ, ಮುರುಮ, ಕಾಂಕ್ರೀಟ್ ಎಲ್ಲಾ ಮುಗದಿರಬೇಕು.

ನೀರಿಗೆ ದಾರಿ ಮಾಡಿಕೊಡೂದು

ಇದನ್ನ ಕಡೀಗೆ ಮಾಡೋಣು ಅಂತ ಬಿಡ್ತಾರ, ಆದ್ರ ಇದ ಮೊದಲ ಆಗಬೇಕು. 1000 ಚದರ ಅಡಿ ಮಾಳಗಿ ಮ್ಯಾಲ 50 ಮಿಲಿಮೀಟರ್ ಮಳಿ ಬಿದ್ರ ಸುಮಾರು 4,600 ಲೀಟರ್ ನೀರು ಕೆಳಗ ಬರ್ತೈತಿ. ಮಾಳಗಿ ಪೈಪ್ ಹಿತ್ತಲಕ್ಕ ಬಿಟ್ಟಿದ್ರ ಅಷ್ಟೂ ನೀರು ಡೆಕ್ಕಿನ ಕೆಳಗ ಹೊಗ್ತೈತಿ. ಆ ಪೈಪಿಗೆ 4 ಇಂಚಿನ ಪಿವಿಸಿ ಜೋಡಿಸಿ ನೆಲದೊಳಗಿಂದ ಗಟಾರಕ್ಕ, ಇಲ್ಲಾ ಮಳಿನೀರಿನ ಟಾಕಿಗೆ ಒಯ್ಯಿರಿ. ತೂತ ಇರೂ ಪೈಪ್ ಇದಕ್ಕ ಬ್ಯಾಡ, ಅದು ದಾರ್ಯಾಗ ಎರಿಗೆ ನೀರ ಕುಡಿಸಿಕೋತ ಹೋಗ್ತೈತಿ. 8 ಅಡಿಗೆ 1 ಇಂಚಾದ್ರೂ ಇಳಿಜಾರು ಇರ್ಲಿ.

ಮ್ಯಾಲಿನ ನೆಲಕ್ಕೂ ಇಳಿಜಾರು ಬೇಕು. ಮನಿ ಕಡಿಂದ ಹೊರಗ 10 ಅಡಿಗೆ ಎರಡೂವರಿಯಿಂದ ಮೂರ ಇಂಚು ಇಳಿಬೇಕು. ನಿಮ್ಮ ಪ್ಲಾಟು ಹಿಂದಿನ ಪ್ಲಾಟಿಗಿಂತ ತಗ್ಗಿನ್ಯಾಗ ಇದ್ರ ಆ ಕಡೆಯಿಂದ ಬರೂ ನೀರಿಗೆ ಒಂದು ಅಡ್ಡ ಗಟಾರ ಕಡಿಸಿ, ಡೆಕ್ಕಿಗೆ ಹತ್ತಲಾರದಂಗ ಬಾಜೂಕ ತಿರವ್ರಿ.

ಗೆರಿ ಹಾಕೂದು

ಗೂಟ, ದಾರ, ಸುಣ್ಣದ ಪುಡಿ, ನೀರ ತುಂಬಿದ ಲೆವೆಲ್ ಪೈಪ್ ಇಷ್ಟ ಬೇಕು. ಒಂದ ಮೂಲಿಯಿಂದ ಒಂದ ಕಡೆ 6 ಅಡಿ, ಇನ್ನೊಂದ ಕಡೆ 8 ಅಡಿ ಗುರ್ತ ಮಾಡಿ, ಆ ಎರಡ ಗುರ್ತಿನ ನಡಕ ಸರಿಯಾಗಿ 10 ಅಡಿ ಬಂದ್ರ ಮೂಲಿ ಮಟ್ಟ ಐತಿ. ಕಡೀಗೆ ಮೂಲಿಯಿಂದ ಮೂಲಿಗೆ ಟೇಪ್ ಹಿಡೀರಿ, 10 ಬೈ 12ಕ್ಕ ಎರಡೂ ಕಡೆ 15 ಅಡಿ ಏಳೂವರಿ ಇಂಚು ಬರಬೇಕು. ಗೂಟ ತೋಡೂ ಜಾಗಾದಿಂದ ದೂರ ಹೊಡೀರಿ, ಹತ್ರ ಹೊಡದ್ರ ತೋಡೂಮುಂದ ಕಿತ್ತ ಹೋಗ್ತಾವ.

ಎರಿ ತಗದು ಮುರುಮ ತುಂಬೂದು

ತೆಗ್ಗಿನ್ಯಾಗ ಎರಡ ಮೂರ ಅಡಿಗೇ ಗಟ್ಟಿ ಮುರುಮ ಹತ್ತಿದ್ರ ನಿಮ್ಮ ದೈವ ಛಲೋ ಐತಿ. ಇಡೀ ಜಾಗಾ ತೋಡೂದು ಬ್ಯಾಡ, ಕಂಬ ಬರೂ ಕಡೆ ಅಷ್ಟ ತೆಗ್ಗು ತೋಡಿ ಫೂಟಿಂಗ್ ಮುರುಮದಾಗ ಅರ್ಧ ಅಡಿ ಇಳಿಸಿ ಕೂಡಸ್ರಿ, ಈ ಭಾಗ ಬಿಟ್ಟು ಮುಂದ ಹೋಗ್ರಿ.

ಆಳಕ್ಕ ಎರಿನ ಇದ್ರ ಅದನ್ನ ತಗದು ಉಬ್ಬಲಾರದ ಮಣ್ಣು ಹಾಕಬೇಕು. ಇದು ಗೌಂಡಿಗಳ ಅಂದಾಜಿನ ಮಾತಲ್ಲ. ಬಾಂಬೆ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿ ಅವರು 1970ರ ದಶಕದಾಗ ಇದರ ಮ್ಯಾಲ ಕೆಲಸ ಮಾಡಿ, ಎರಿ ಮ್ಯಾಲ ಸುಮಾರು ಒಂದ ಮೀಟರ್ ದಪ್ಪ ಅಂಟು ಇದ್ದೂ ಉಬ್ಬಲಾರದ ಮಣ್ಣಿನ ಪದರ ಹಾಕಿದ್ರ ಕೆಳಗಿನ ಎರಿಯ ಏಳಾಟ ಬಾಳ ಕಮ್ಮಿ ಆಗ್ತೈತಿ ಅಂತ ತೋರಿಸ್ಯಾರ. ನಮ್ಮ ಮಲಪ್ರಭಾ ಕಾಲುವಿ ಕೆಲಸದಾಗ ಈ ಪದ್ಧತಿ ಬಳಸ್ಯಾರ. ಕಾಲುವಿಗೆ ನಡೆದದ್ದು ಡೆಕ್ಕಿಗೂ ನಡೀತೈತಿ.

ಇಲ್ಲಿ ಅಂಟು ಅನ್ನೂ ಮಾತು ಮುಖ್ಯ. ಬಾಳ ಮಂದಿ ಎರಿ ತಗದು ಉಸುಕು ಇಲ್ಲಾ ಖಡಿ ತುಂಬ್ತಾರ, ನೀರು ಬಸದ ಹೋಗ್ತೈತಿ ಅಂತ. ಎಲ್ಲಿಗೆ ಬಸೀತೈತಿ? ಸುತ್ತ ಕೆಳಗ ಎಲ್ಲಾ ಎರಿ, ನೀರು ಬಿಡಂಗಿಲ್ಲ. ಆ ತೆಗ್ಗು ದನ ನೀರ ಕುಡಿಯೂ ಬಾನಿ ಇದ್ದಂಗ ಆಗಿ, ಮಳಿ ನೀರು ಅದರಾಗ ನಿಂತು ತಳದ ಎರಿಗೆ ದಿನಗಟ್ಟಲೆ ನೆನಸ್ತೈತಿ. ಅದಕ್ಕ ಸ್ವಲ್ಪ ಜೇಡಿ ಅಂಟು ಇರೂ ಕೆಂಪ ಅಥವಾ ಹಳದಿ ಮುರುಮನ ಬೇಕು, ಧಮ್ಮಸು ಮಾಡಿದ ಮ್ಯಾಲ ನೀರು ಸರಳ ಒಳಗ ಬಿಡಬಾರದು.

ಲೆಕ್ಕ ಹಿಂಗ. ಡೆಕ್ಕಿನ ನಾಕೂ ಕಡೆ ಎರಡೆರಡ ಅಡಿ ಹೆಚ್ಚ ಹಿಡದ್ರ 14 ಬೈ 16, ಮೂರ ಅಡಿ ಆಳ, 672 ಘನ ಅಡಿ ಆತು, ಅಂದ್ರ 6.7 ಬ್ರಾಸ್ (ಒಂದ ಬ್ರಾಸ್ ಅಂದ್ರ 100 ಘನ ಅಡಿ). ಮುರುಮ ಸಡ್ಲ ಬರ್ತೈತಿ, ಧಮ್ಮಸು ಹೊಡದ್ರ ಇಳೀತೈತಿ, ಅದಕ್ಕ ಎಂಟೂವರಿಯಿಂದ ಒಂಬತ್ತ ಬ್ರಾಸ್ ಹೇಳ್ರಿ. ತಗದ ಎರಿ ಒಳಗ ಗುಂಪಿ ಹಾಕಿ ಬಿಡಬ್ಯಾಡ್ರಿ, ಹೊಲದವರಿಗೆ ಹೇಳಿದ್ರ ಟ್ರ್ಯಾಕ್ಟರ್ ತಂದ ಒಯ್ತಾರ. ರಾತ್ರಿ ತೆಗ್ಗಿನ ಸುತ್ತ ಏನಾರ ಅಡ್ಡ ಕಟ್ರಿ, ಹುಡುಗುರು ನಾಯಿ ಬೀಳ್ತಾವ.

ತಳ ಸಪಾಟ ಮಾಡಿ, ಅದಕ್ಕೂ ಹೊರಗಿನ ಕಡೆ ಸ್ವಲ್ಪ ಇಳಿಜಾರು ಕೊಟ್ಟು, ಬಿರುಕ ಇದ್ರ ಮುರುಮದ ಪುಡಿ ಹಾಕಿ ತುಂಬಿ ಧಮ್ಮಸು ಹೊಡೀರಿ. ಆಮ್ಯಾಲ ಮುರುಮ ಒಂದ ಸಲಕ್ಕ 6 ಇಂಚು ಅಷ್ಟ. ಟ್ರ್ಯಾಲಿ ಪೂರ್ತಿ ಸುರಿವಿ ಮ್ಯಾಲ ನೀರ ಬಿಟ್ಟು ‘ತಾನ ಕುಂದರ್ತೈತ್ರಿ ಸಾಹೇಬ್ರ’ ಅಂತ ಹೇಳ್ತಾರ, ಒಪ್ಪಬ್ಯಾಡ್ರಿ. ಹಂಗ ನೀರ ಬಿಟ್ರ ಆ ನೀರೆಲ್ಲಾ ತಳದ ಎರಿಗೇ ಹೋಗ್ತೈತಿ, ಮ್ಯಾಲಿನ ಮುರುಮ ನಡಕ ಪೊಳ್ಳ ಉಳೀತೈತಿ. ಮುರುಮಕ್ಕ ನೀರು ಚಿಮಕಸೂದು ಎಷ್ಟಂದ್ರ, ಮುಟಗಿಯೊಳಗ ಹಿಡದು ಒತ್ತಿದ್ರ ಉಂಡಿ ಆಗಬೇಕು, ಬೆರಳಿಗೆ ನೀರ ಹತ್ತಬಾರದು, ಸೊಂಟದ ಎತ್ತರದಿಂದ ಕೆಳಗ ಬಿಟ್ರ ಒಡದ ಹೋಗಬೇಕು. ಆ ಹದ ಬಂದಮ್ಯಾಲ ಪ್ಲೇಟ್ ಕಾಂಪ್ಯಾಕ್ಟರ್ (ಧಮ್ಮಸು ಹೊಡಿಯೂ ಮಶಿನ್) ಬಾಡಗಿ ತಂದು ಪ್ರತಿ ಪದರಿಗೂ ಮೂರ ನಾಕ ಸಲ ಅಡ್ಯಾಡಸ್ರಿ. ಕೈ ಧಮ್ಮಸಿನಿಂದ ಮಾಡೂದಿದ್ರ ಪದರ 4 ಇಂಚು ಇರ್ಲಿ. ಒಂದ ಪದರ ಆತಂದ್ರ ಬೂಟ ಹಿಮ್ಮಡಿ ಒತ್ತಿ ನೋಡ್ರಿ, ಗುರ್ತ ಮೂಡಿದ್ರ ಇನ್ನೂ ಹೊಡೀಬೇಕು. ಕಡೀ ಪದರ ಸುತ್ತಲ ನೆಲಕ್ಕಿಂತ 4 ಇಂಚು ಎತ್ತರ ಇರ್ಲಿ, ನಡಕ ಉಬ್ಬು, ಅಂಚಿಗೆ ಇಳಿಜಾರು.

ಎರಿ ಹತ್ತ ಹದಿನೈದ ಅಡಿ ಇದ್ದು, ಡೆಕ್ ಮ್ಯಾಲ ಗ್ರಾನೈಟ್ ಕಟ್ಟಿ, ಛತ್ತು ಇಂಥಾ ಭಾರದ್ದು ಹಾಕೂದಿದ್ರ ಈ ಮುರುಮ ಸಾಲಂಗಿಲ್ಲ. ಆಗ ಅಂಡರ್‌ರೀಮ್ಡ್ ಪೈಲ್ ಬೇಕಾಗ್ತೈತಿ, ಬುಡಕ್ಕ ಅಗಲ ಆಗೂ ಕಾಂಕ್ರೀಟ್ ಕಂಬ, ಸುಮಾರು ಮೂರೂವರಿ ಮೀಟರ್ ಆಳ. ಅದನ್ನ ಎಂಜಿನಿಯರ್ ಕಡಿಂದ ಮಾಡ್ಸ್ರಿ.

ಫೂಟಿಂಗ್, ಕಂಬ

10 ಬೈ 12ಕ್ಕ ಮೂರ ಸಾಲು, ಸಾಲಿಗೆ ಮೂರು, ಒಟ್ಟ ಒಂಬತ್ತ. ಮುರುಮದಾಗ ಒಂದ ಅಡಿ ಆಳ, ಒಂದೂವರಿ ಅಡಿ ಚೌಕ ತೋಡಿ ತಳಕ್ಕ 1:4:8 (ಸಿಮೆಂಟ್, ಉಸುಕು, ಖಡಿಯ ಪ್ರಮಾಣ) ಕಾಂಕ್ರೀಟ್ 3 ಇಂಚು, ಅದರ ಮ್ಯಾಲ 1:2:4 ಫೂಟಿಂಗ್ 6 ಇಂಚು, ಅದರಿಂದ 9 ಇಂಚ ಚೌಕದ ಕಂಬ ನೆಲದಿಂದ 6 ಇಂಚು ಮ್ಯಾಲ ಬರುವಂಗ ಎತ್ತರಿ. ಸಳಿ ನಾಕ 8 ಎಂಎಂ ಸಾಕು. ಕಂಬದ ತಲಿ ಅಗಲ ಮಾಡಬ್ಯಾಡ್ರಿ, ಏಳೂ ಮಣ್ಣು ಅದರ ಕೆಳಗ ಕೈ ಹಾಕಿ ಎತ್ತತೈತಿ. ಮುರುಮ ಆಳಕ್ಕ ಹತ್ತಿ, ಎರಿಯೊಳಗಿಂದ ಕಂಬ ಹಾಯೂ ಕಡೆ ಇನ್ನೊಂದು ಕೆಲಸ ಐತಿ: ಎರಿ ಕಂಬದ ಬಾಜು ಹಿಡದು ಮ್ಯಾಲ ಜಗ್ಗತೈತಿ, ಅದಕ್ಕ ಕಂಬಕ್ಕ ದಪ್ಪ ಪಾಲಿಥೀನ್ ಎರಡ ಸುತ್ತು ಸುತ್ತಿ, ಸುತ್ತಲ ಮುರುಮ ತುಂಬ್ರಿ.

ಕಾಂಕ್ರೀಟಿಗೆ ನೀರು ಕುಡಸೂದು ಏಳ ದಿನಾ ಆದ್ರೂ ಬೇಕು, ಆದ್ರ ಪೈಪ್ ಹಚ್ಚಿ ತೆಗ್ಗ ತುಂಬ ಬಿಡೂದಲ್ಲ. ಗೋಣಿ ತಟ್ಟ ಹಸಿ ಮಾಡಿ ಕಂಬಕ್ಕ ಸುತ್ತಿ, ಮ್ಯಾಲ ಮ್ಯಾಲ ನೀರ ಚಿಮಕಿಸಿ ಹಸಿ ಇಡ್ರಿ.

ಕಸ, ಗೆದ್ದಲು, ಹುಳ ಹುಪ್ಪಡಿ

ಕರಿಕಿ ಮತ್ತ ಜೇಕು ಬೇರಿನಿಂದ ಮತ್ತ ಹುಟ್ಟತಾವ. ಮುರುಮ ಹಾಕಲಾರದ ಕಡೆ ಮ್ಯಾಲಿನ 6 ಇಂಚು ಮಣ್ಣು ಬೇರು ಗಡ್ಡಿ ಸಮೇತ ತಗೀರಿ, ಕಾಂಗ್ರೆಸ್ ಕಸ ಹೂ ಬಿಡೂಕಿಂತ ಮೊದಲ ಕೀಳ್ರಿ. ಮುರುಮದ ಮ್ಯಾಲ ಜಿಯೋಟೆಕ್ಸ್‌ಟೈಲ್ ಬಟ್ಟಿ (ನೀರು ಬಿಟ್ಟು ಮಣ್ಣು ತಡಿಯೂ ಬಟ್ಟಿ) ಹಾಸಿ, ಜೋಡಿನ್ಯಾಗ ಒಂದ ಅಡಿ ಒಂದರ ಮ್ಯಾಲೊಂದು ಬರ್ಲಿ, ಅದರ ಮ್ಯಾಲ 20 ಎಂಎಂ ಖಡಿ 2 ಇಂಚು. ಪ್ಲಾಸ್ಟಿಕ್ ತಾಡಪತ್ರಿ ಹಾಸಿದ್ರ ನೀರು ಅಲ್ಲಲ್ಲೆ ನಿಂತು ಸೊಳ್ಳಿ ಆಗ್ತಾವ.

ಗೆದ್ದಲಿನ ಔಷಧ ಖಡಿ ಹಾಕೂಕಿಂತ ಮೊದಲ, ಮುರುಮಕ್ಕ ಹೊಡಸ್ರಿ. ಐಎಸ್ 6313 ಅನ್ನೂ ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ 5 ಲೀಟರ್ ದ್ರಾವಣ ಹೋಗಬೇಕು, ಮ್ಯಾಲ ಮ್ಯಾಲ ಚಿಮಕಿಸಿದ್ರ ಆಗಂಗಿಲ್ಲ. ಬಾವಿ, ಬೋರ್ ಹತ್ರ ಇದ್ರ ಔಷಧ ಬಿಟ್ಟ ಬಿಡ್ರಿ, ಕಂಬದ ಮ್ಯಾಲ ಕಬ್ಬಿಣದ ಬೇಸ್ ಕೂಡಿಸಿ ಕಟ್ಟಗಿ ಎಲ್ಲೂ ಮಣ್ಣಿಗೆ ಮುಟ್ಟಲಾರದಂಗ ಮಾಡ್ರಿ. ತೋಡಿದಾಗ ಸಿಕ್ಕ ಹಳೆ ಬೇರು, ಶಟರಿಂಗ್ ಕಟ್ಟಗಿ ಚೂರು ಒಂದೂ ನೆಲದಾಗ ಬಿಡಬ್ಯಾಡ್ರಿ.

ಡೆಕ್ಕಿನ ಕೆಳಗ ತಂಪ ಇರ್ತೈತಿ, ಇಲಿ ಬರ್ತಾವ, ಇಲಿ ಹಿಂದ ಹಾವು ಬರ್ತೈತಿ. ಅರ್ಧ ಇಂಚಿನ ಜಾಳಗಿ ಸುತ್ತಲೂ ಹಚ್ಚಾಕ ಈಗ ನೆಲದಾಗ 6 ಇಂಚು ಹೂಳಿ ಇಡ್ರಿ, ಡೆಕ್ ಆದಮ್ಯಾಲ ಹೂಳಾಕ ಕೈ ಹೋಗಂಗಿಲ್ಲ.

ಕಟ್ಟಗಿ ತರೂಕಿಂತ ಮೊದಲ

ಕಂಬ ಆದ ದಿನ ಒಂಬತ್ತೂ ತಲಿ ಲೆವೆಲ್ ಪೈಪಿನಿಂದ ನೋಡಿ, ಒಂದೊಂದರ ಮ್ಯಾಲೂ ಪೇಂಟಿನಿಂದ ನಂಬರ್ ಬರದು, ಅಳತಿ ವಹಿಯಾಗ ಬರಕೋರಿ. ಅವಸರ ಇಲ್ಲದೋರು ಒಂದ ಮಳಿಗಾಲ ಹಂಗ ಬಿಡ್ರಿ ಅಂತ ನಾ ಹೇಳೂದು. ಮಳಿ ಬರೂಮುಂದ ಛತ್ರಿ ಹಿಡಕೊಂಡ ಹೋಗಿ ನೀರು ಎಲ್ಲಿಂದ ಬರ್ತೈತಿ, ಎಲ್ಲಿ ನಿಂದರ್ತೈತಿ ನೋಡ್ರಿ, ನಿಂತಲ್ಲಿ ಮುರುಮ ಏರಿಸಿ ದಾರಿ ಮಾಡ್ರಿ. ಅಕ್ಟೋಬರದಾಗ ಮತ್ತ ಲೆವೆಲ್ ಹಿಡೀರಿ. ಕಾಲು ಇಂಚಿನೊಳಗ ಫರಕ್ ಇದ್ರ ಮ್ಯಾಲ ಸ್ಕ್ರೂದಿಂದ ಏರಿಸಿ ಇಳಿಸೂ ಬೇಸ್ ಕೂಡಿಸಿ ಸರಿ ಮಾಡಬಹುದು, ಕಟ್ಟಗಿಗೆ ಆರ್ಡರ್ ಕೊಡ್ರಿ. ಒಂದ ಕಂಬ ಅರ್ಧ ಇಂಚು ಎದ್ದಿದ್ರ ಆ ಬಾಜು ಎಲ್ಲಿಂದೋ ನೀರು ಹೊಗ್ತೈತಿ ಅಂತ ಅರ್ಥ, ನಳದ ಪೈಪ್ ಸೋರೂದೋ, ಬಚ್ಚಲ ನೀರೋ, ಮಾಳಗಿ ಪೈಪಿನ ಜೋಡು ಬಿಚ್ಚಿದ್ದೋ ಹುಡುಕಿ ಬಂದ ಮಾಡಿ, ಬ್ಯಾಸಗಿ ಕಳದು ಮತ್ತೊಮ್ಮೆ ಲೆವೆಲ್ ನೋಡಿದ ಮ್ಯಾಲ ಮುಂದಿನ ಕೆಲಸ.